ನನ್ನ ಕಿವುಡು ಹಕ್ಕಿಗಳು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನದಲ್ಲ, ಕರೆಂಟಿನದಲ್ಲ, ಗುರುಗುಂಟಾದ ನಮ್ಮ ದೊಡ್ಡವ್ವನದಂತೂ ಖಂಡಿತ ಅಲ್ಲ. ಐದಾರು ವರ್ಷದ ಕೆಳಗೆ ಸಿಂಧನೂರಿನಲ್ಲಿ ನಾನೊಂದು ವಿಡಿಯೋ ಗೇಮ್ ಬರೆದೆ. ಅದರಲ್ಲಿ ಹಕ್ಕಿಗಳಿದ್ದವು, ಕವಣೆಯಿತ್ತು, ಸಜ್ಜೆಯ ತೆನೆಗಳಿದ್ದವು. ಇಲ್ಲದ್ದು ಒಂದೇ, ಬುದ್ಧಿ. ಅದನ್ನು ಹಾಕಬೇಕಾದವನು ನಾನು, ಮತ್ತು ಹಾಕಬೇಕಾದ ಹೊತ್ತಿನಲ್ಲಿ ನಾನು ಬೇರೆ ಕಡೆ ನೋಡುತ್ತಿದ್ದೆ.

ಇದು ಇವತ್ತು ನೆನಪಾದದ್ದು ಒಂದು ವಾಸನೆಯಿಂದ. ಈಗ ಮಸ್ಕಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನಾನೇ ಒಂದಿಷ್ಟು ಮಂದಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮುಂಜಾನೆ ಕೆಳಗಿನ ಅಂಗಡಿಯಲ್ಲಿ ಕ್ರಿಮಿನಾಶಕದ ಬಾಟಲಿಯೊಂದು ಜಾರಿ ಒಡೆಯಿತು. ವಾಸನೆ ಮೆಟ್ಟಿಲು ಹತ್ತಿ, ಚಪ್ಪಲಿಯನ್ನೂ ಬಿಡದೆ, ನೇರ ಕ್ಲಾಸಿನೊಳಗೇ ಬಂತು. ಕಲಿಯುವವರೆಲ್ಲ ಮೂಗಿಗೆ ಕರ್ಚೀಫು ಹಿಡಿದು ಕಿಟಕಿಗೆ ಓಡಿದರು. ನಾನೊಬ್ಬ ಮಲ್ಲಿಗೆ ಮೂಸುವವನ ಹಾಗೆ ಉಸಿರೆಳೆದುಕೊಂಡು ನಿಂತೆ. ಆ ವಾಸನೆ ಬೇರೆಯವರಿಗೆ ಹುಳ ನೆನಪು ಮಾಡುತ್ತದೆ, ನನಗೆ ನನ್ನ ಮೊದಲ ಕಂಪ್ಯೂಟರನ್ನು. ಅವರನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಬಂದು ಕೂತೆ. ಬನ್ನಿ, ನೀವೂ ಕೂತುಕೊಳ್ಳಿ. ಮೂಗು ಮುಚ್ಚಿಕೊಂಡರೂ ನಡೆಯುತ್ತದೆ, ಕಿವಿ ಬಿಟ್ಟಿದ್ದರೆ ಸಾಕು.

ಸಿಂಧನೂರಿನ ಆ ಕಂಪ್ಯೂಟರ್ ಸೆಂಟರೂ ಗೊಬ್ಬರದಂಗಡಿಯ ಮೇಲೆಯೇ ಇತ್ತು. ಕೆಳಗೆ ಯೂರಿಯಾ ಚೀಲಗಳು, ಮೇಲೆ ನಾವು. ಒಳಗೆ ಬರಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು, ಕಾಲೊರೆಸಬೇಕು, ಮೆತ್ತಗೆ ಮಾತಾಡಬೇಕು. ಇದ್ದದ್ದು ಮೂರು ಕಂಪ್ಯೂಟರು. ಮೂರಕ್ಕೂ ಹೂವಿನ ಅಂಚಿನ ಬಟ್ಟೆಯ ಕುಲಾಯಿ. ಕುಲಾಯಿ ತೆಗೆಯುವ ಅಧಿಕಾರ ಕಲಿಸುವ ಮಹಾಂತೇಶ ಸರ್ ಒಬ್ಬರಿಗೇ. ಧೂಳು ಬಿದ್ದರೆ ಮಷೀನಿಗೆ ಆರಾಮ ತಪ್ಪುತ್ತದೆ ಎಂದು ಅವರು ಹೇಳಿದ್ದರು, ನಾವು ನಂಬಿದ್ದೆವು. ಕಂಪ್ಯೂಟರಿಗೂ ವೈರಸ್ ತಗಲುತ್ತದೆಂದು ಕೇಳಿದ ದಿನದಿಂದ ನಾನಂತೂ ಪರದೆಗೆ ಬೆನ್ನು ತಿರುಗಿಸಿ ಕೆಮ್ಮುತ್ತಿದ್ದೆ.

ಮಹಾಂತೇಶ ಸರ್ ತೆಳ್ಳಗಿನ ಮನುಷ್ಯ. ಜೇಬಿನಲ್ಲಿ ಎರಡು ಪೆನ್ನು, ಪ್ರತಿ ಮಾತಿನ ತುದಿಗೆ ಒಂದು “ಅರ್ಥಾತಲ್ಲ?”

“ಮಷೀನು ಶುದ್ಧ ದಡ್ಡ ಐತಿ, ಅರ್ಥಾತಲ್ಲ? ಹೇಳಿದ್ದಷ್ಟ ಮಾಡತೈತಿ, ಅರ್ಥಾತಲ್ಲ? ಹೇಳೂ ನೀವೂ ದಡ್ಡರಿದ್ರ ಇಬ್ರೂ ಕೂಡೇ ಹಾಳಾಗ್ತೀರಿ, ಅರ್ಥಾತಲ್ಲ?”

ನಮಗೆ ಅರ್ಥವಾಗುತ್ತಿತ್ತೋ ಇಲ್ಲವೋ, ನನಗೆ ಮಾತ್ರ ಆ ದನಿ ಪೂರಾ ಬಂದುಬಿಟ್ಟಿತು. ನನ್ನ ರೋಗವೇ ಅದು. ಯಾರದೇ ದನಿ ಎರಡು ಸಲ ಕಿವಿಗೆ ಬಿದ್ದರೆ ಮೂರನೆಯ ಸಲ ನನ್ನ ಬಾಯಿಂದ ಬರುತ್ತದೆ. ಮಸ್ಕಿಯಿಂದ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಗ ಕಂಡಕ್ಟರನ ಸೀಟಿಯನ್ನು ಬರೀ ನಾಲಿಗೆಯಿಂದ ಊದುವುದನ್ನು ಕಲಿತಿದ್ದೆ. ಒಂದು ದಿನ ಅವನು ಕೆಳಗಿಳಿದು ಚಹಾ ಕುಡಿಯುತ್ತಿದ್ದಾಗ ಸುಮ್ಮನೆ ಒಮ್ಮೆ ಊದಿದೆ. ಡ್ರೈವರ್ ಬಸ್ಸು ಬಿಟ್ಟೇಬಿಟ್ಟ. ಕಂಡಕ್ಟರ್ ಯಾರದೋ ಸೈಕಲ್ಲಿನ ಹಿಂದೆ ಕೂತು, ಒಂದು ಕೈಯಲ್ಲಿ ಟಿಕೆಟಿನ ಪೆಟ್ಟಿಗೆ ಅವುಚಿಕೊಂಡು, ಮುಂದಿನ ಹಳ್ಳಿಯಲ್ಲಿ ನಮ್ಮನ್ನು ಹಿಡಿದ. ಆಮೇಲೆ ಒಂದು ತಿಂಗಳು ಆ ಬಸ್ಸಿನಲ್ಲಿ ನಾನು ಮಾತಾಡದೆ ಪ್ರಯಾಣ ಮಾಡಿದೆ. ನನ್ನ ಬಾಯಿ ಅಷ್ಟು ದಿನ ಮುಚ್ಚಿದ್ದು ಅದೊಂದೇ ಸಲ.

ಇಂಥವನು ಸರ್ ಬರುವುದು ತಡವಾದ ದಿನ ಸುಮ್ಮನಿರುತ್ತಾನೆಯೆ? ಜೇಬಿಗೆ ಎರಡು ಪೆನ್ನು ಸಿಗಿಸಿ, ಹೊಟ್ಟೆ ಒಳಗೆಳೆದು, ಬೋರ್ಡಿನ ಮುಂದೆ ನಿಂತೆ. “ಕಂಪ್ಯೂಟರಿಗೆ ಆಕಳಿಕಿ ಬರಂಗಿಲ್ಲ, ಅರ್ಥಾತಲ್ಲ? ನಿಮಗ ಬರತೈತಿ, ಅರ್ಥಾತಲ್ಲ?” ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗದವಳು ಒಬ್ಬಳೇ, ನನ್ನ ಜೊತೆ ಒಂದೇ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದ ಪದ್ಮ. ಅವಳು ನನ್ನ ಹೆಗಲ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದಳು. ನಾನೂ ತಿರುಗಿ ನೋಡಿದೆ.

ಸರ್ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು, ಆ ಬೈಗಳನ್ನೂ ಕಲಿಯಬಹುದಿತ್ತು. ಅವರು ಒಳಗೆ ಬಂದು, ಕುಲಾಯಿಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟು, ಆಮೇಲೆ ಹೇಳಿದರು:

“ಭಾಳ ಚಲೋ ಮಾಡ್ತೀಯಪ್ಪ. ನನಗಿಂತ ನೀನ ನನ್ನಂಗ ಅದಿ. ಕಂಡಕ್ಟರಂದು ಮಾಡ್ತಿ, ಪ್ರಿನ್ಸಿಪಾಲರ್ದು ಮಾಡ್ತಿ, ನಂದೂ ಮಾಡ್ತಿ. ನಿಂದು ಅಂತ ಏನರ ಐತೇನು?”

ನಾನು ಜೇಬಿನ ಎರಡೂ ಪೆನ್ನು ತೆಗೆದೆ.

“ದಸರಾದಾಗ ಖಂಡೆ ಪೂಜಿ, ಆಯುಧ ಪೂಜಿ ದಿನ ಎಲ್ಲಾರ ಮನಿಯವ್ರನ್ನೂ ಕರೀತೀನಿ. ಅವತ್ತಿಗೆ ನಿಂದ ಅನ್ನೂವಂಥ ಒಂದು ಪ್ರೋಗ್ರಾಮ್ ಬರದು ತೋರ್ಸು. ಆಗ್ಲಿಲ್ಲಂದ್ರ ಈ ಕುರ್ಚಿ ಬ್ಯಾರೇದವ್ರಿಗೆ ಬಿಡು, ನಾಟಕ ಕಂಪನಿ ಸೇರು.”

ಇಷ್ಟು ಹೇಳಿ ನಿಲ್ಲಿಸಿದರು. ‘ಅರ್ಥಾತಲ್ಲ’ ಅನ್ನಲಿಲ್ಲ. ಅದಿಲ್ಲದ ಮಾತು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಹಾಗಾಗಿ ನನಗೆ ಪೂರ್ತಿ ಅರ್ಥವಾಯಿತು.

ಆ ಸಂಜೆ ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನದೇ ದನಿಯಲ್ಲಿ ಏನಾದರೂ ಹೇಳಿ ನೋಡೋಣವೆಂದುಕೊಂಡೆ. “ಏನು ಹೇಳ್ಲಿ?” ಎಂದೆ. ಥೇಟ್ ನಮ್ಮಪ್ಪನ ದನಿ. ಮತ್ತೊಮ್ಮೆ ಅಂದೆ. ಈ ಸಲ ನಮ್ಮ ಸೋದರಮಾವ. ನಗುತ್ತೀರಿ, ನಗಿರಿ. ನನಗೆ ಆ ರಾತ್ರಿ ರೊಟ್ಟಿ ಒಂದು ಕಡಿಮೆಯೇ ಹೋಯಿತು. ಕಂಪ್ಯೂಟರ್ ಕ್ಲಾಸು ತಪ್ಪಿದರೆ ತಪ್ಪಲಿ ಎನ್ನಬಹುದಿತ್ತು. ಆದರೆ ಅವರು ಕೇಳಿದ ಮಾತು ನನ್ನನ್ನು ಬಿಡಲಿಲ್ಲ.

ವಿಡಿಯೋ ಗೇಮ್ ಬರೆಯುತ್ತೇನೆ ಎಂದು ಮರುದಿನ ಪದ್ಮಳಿಗೆ ಹೇಳಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗೇಮಿನ ಪೆಟ್ಟಿಗೆಯೊಂದು ಇತ್ತು. ಮೇಲಿನಿಂದ ವಿಮಾನ ಇಳಿಯುತ್ತವೆ, ಕೆಳಗಿನಿಂದ ಗುಂಡು ಹೊಡೆಯಬೇಕು. ಅಂಥದ್ದೇ ಒಂದು ಮಾಡೋಣವೆಂದೆ.

“ಅದೂ ಕಾಪೀನ ಅಲ್ಲೇನು?” ಎಂದಳು ಪದ್ಮ.

ಅವಳು ವಳಕಮದಿನ್ನಿ ಕಡೆಯ ಕ್ಯಾಂಪಿನವಳು. ಕಾಲುವೆಗೆ ನೀರು ಬಂದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆನಿಂತವರ ಊರು. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಅಚ್ಚುಕಟ್ಟು ಕನ್ನಡ, ಟೈಪು ಮಾಡುವಾಗ ಎಣಿಕೆ ಮಾತ್ರ ತೆಲುಗಿನಲ್ಲೇ: ಒಕಟಿ, ರೆಂಡು, ಮೂಡು. ಅವಳ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವರ ಗದ್ದೆಯಲ್ಲಿ ಕಳೆ ಹುಡುಕಿದಷ್ಟೇ ಕಷ್ಟ.

“ಹಂಗಾರ ವಿಮಾನ ಬ್ಯಾಡ, ಹಕ್ಕಿ ಇಡ್ತೀನಿ,” ಎಂದೆ. “ಗುಂಡು ಬ್ಯಾಡ, ಕವಣಿ. ನಮ್ಮ ದೊಡ್ಡವ್ವ ಸಜ್ಜಿ ಹೊಲ ಕಾಯ್ತಾಳ ನೋಡು, ಹಂಗ.”

“ನಮ್ಮ ಭತ್ತಕ್ಕೂ ಹಕ್ಕಿ ಬರ್ತಾವ. ನಾವು ಡಬ್ಬಿ ಬಡೀತೀವಿ.”

“ಡಬ್ಬಿ ಬಡಿಯೂದ್ರಾಗ ಏನು ಮಜಾ ಐತಿ? ಕವಣಿ ಅಂದ್ರ ಕವಣಿ!”

ಅವಳು ಅವತ್ತೇ ಅರ್ಧ ಉತ್ತರ ಕೊಟ್ಟಿದ್ದಳು. ನನಗೆ ಕೇಳಿಸಲಿಲ್ಲ. ಕಿವುಡರು ನನ್ನ ಹಕ್ಕಿಗಳಷ್ಟೇ ಅಲ್ಲ.

ಭಾನುವಾರ ಲಿಂಗಸುಗೂರಿಗೆ ಹೋಗಿ ಬಸ್ಸು ಬದಲಿಸಿ ಗುರುಗುಂಟಾಕ್ಕೆ ಹೋದೆ. ದೊಡ್ಡವ್ವ ನಮ್ಮವ್ವನ ಅಕ್ಕ. ಸಜ್ಜೆ ಹಾಲುಗಾಳು ತುಂಬುವ ಕಾಲ. ಹೊಲದ ಅಂಚಿನಲ್ಲಿ ದೊಡ್ಡಪ್ಪ ಬೆನ್ನು ತಿರುಗಿಸಿ ನಿಂತಿದ್ದು ಕಂಡು, “ದೊಡ್ಡಪ್ಪಾ, ಆರಾಮ?” ಎಂದು ಕೂಗಿದೆ. ಉತ್ತರ ಬರಲಿಲ್ಲ. ಹತ್ತಿರ ಹೋಗಿ ಕಾಲಿಗೆ ಬೀಳಲು ಬಗ್ಗಿದರೆ ಕಾಲೇ ಇಲ್ಲ! ಅದು ದೊಡ್ಡಪ್ಪನ ಹಳೆಯ ಅಂಗಿ ತೊಟ್ಟ ಬೆದರುಗೊಂಬೆ. ತಲೆಯ ಜಾಗದಲ್ಲಿ ಒಡಕು ಗಡಿಗೆ. ಅಟ್ಟಣಿಗೆಯ ಮೇಲಿದ್ದ ದೊಡ್ಡವ್ವ ನಕ್ಕು ನಕ್ಕು ಕವಣೆ ಕೈಯಿಂದ ಬಿಟ್ಟಳು.

“ಬೀಳಪ್ಪ, ಬೀಳು. ನಿಮ್ಮ ದೊಡ್ಡಪ್ಪಗಿಂತ ಅವನೇ ಹೊಲದಾಗ ಹೆಚ್ಚಿಗಿ ನಿಲ್ತಾನ.”

ಆಮೇಲೆ ಇಡೀ ಮಧ್ಯಾಹ್ನ ನಾನು ಅವಳ ಕೆಳಗೆ ಕೂತು ನೋಡಿದೆ. ನಾಲ್ಕು ಬೆರಳುಗಳಲ್ಲಿ ಕವಣೆಯ ಹಗ್ಗ, ಮಡಿಲಿನಲ್ಲಿ ಉರುಟು ಕಲ್ಲು, ತಲೆಯ ಮೇಲೆ ಎರಡು ಸುತ್ತು, ಹಗ್ಗದ ತುದಿ ‘ಚಟೀರ್’ ಎನ್ನುವುದು, ಅದರ ಬೆನ್ನಿಗೇ “ಹೋ... ಹೋಹೋ... ಹೋಯ್ತ್ರೇ!” ಎಂಬ ಕೂಗು. ಆ ಕೂಗು ಎಂಥ ಕೂಗು! ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಒಮ್ಮೆ ಮುರಿದು, ಹೊಲದ ಆಚೆ ಬದುವಿಗೆ ಹೋಗಿ ಬೀಳುತ್ತಿತ್ತು. ನಾನು ಅವಳ ಗಂಟಲನ್ನೇ ನೋಡುತ್ತ ಕೂತೆ. ಸಂಜೆಯ ಹೊತ್ತಿಗೆ ಕೂಗು ಪಕ್ಕಾ ಬಂದಿತ್ತು. ನಾನು ಕೂಗಿದರೆ ಪಕ್ಕದ ಹೊಲದವಳು “ಯಾಕವ್ವಾ, ದನಿ ಬಿದ್ದೈತಲ್ಲ?” ಎಂದು ಕೇಳಿದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಗಂಟಲು ನೋಡಿದೆ, ತುಟಿ ನೋಡಿದೆ, ಮುಂಗೈ ನೋಡಿದೆ. ಕಲ್ಲು ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನು ಮಾತ್ರ ನೋಡಲಿಲ್ಲ.

ಕಂಪ್ಯೂಟರಿನಲ್ಲಿ ಹಕ್ಕಿ ಹಾರಿಸುವುದು ನೀವಂದುಕೊಂಡಷ್ಟು ಸುಲಭವಲ್ಲ. ಬೇಸಿಕ್ ಎಂಬ ಭಾಷೆಯಲ್ಲಿ ಪ್ರತಿ ಸಾಲಿಗೂ ಒಂದು ನಂಬರು. ಒಂದು, ಎರಡು, ಮೂರು ಎಂದು ಹಾಕಬಾರದು, ಹತ್ತು, ಇಪ್ಪತ್ತು, ಮೂವತ್ತು ಎಂದು ಜಾಗ ಬಿಟ್ಟು ಹಾಕಬೇಕೆಂದು ಸರ್ ಮೊದಲ ದಿನವೇ ಹೇಳಿದ್ದರು: “ಬುದ್ಧಿ ತಡಾ ಮಾಡಿ ಬರತೈತಿ, ಅರ್ಥಾತಲ್ಲ? ಅದು ಬಂದಾಗ ಕೂಡ್ಲಿಕ್ಕೆ ನಡಕ್ಕ ಜಾಗ ಇರ್ಬೇಕು.” ನನ್ನ ಹಕ್ಕಿ ಎಂದರೆ ಇಂಗ್ಲಿಷಿನ ‘ವಿ’ ಅಕ್ಷರ, ಕಲ್ಲು ಎಂದರೆ ಒಂದು ಚುಕ್ಕೆ, ತೆನೆ ಎಂದರೆ ಉದ್ದ ಗೆರೆ. ‘ವಿ’ಯನ್ನು ಒಂದು ಮನೆ ಬಲಕ್ಕೆ ಬರೆ, ಮತ್ತೊಂದು ಮನೆ ಬಲಕ್ಕೆ ಬರೆ, ಎಂದು ಹೇಳಿ ಓಡಿಸಿದೆ. ಪರದೆಯ ತುಂಬ ತೋರಣ ಕಟ್ಟಿದ ಹಾಗೆ ನಲವತ್ತು ‘ವಿ’ಗಳು ಸಾಲಾಗಿ ನಿಂತವು. ಹಾರಿದ್ದು ಒಂದೂ ಇಲ್ಲ.

“ಅಯ್ಯೋ, ಹಳೇ ಜಾಗದಾಗಿಂದು ಅಳಸ್ಲಿಲ್ಲಲ್ಲ ನೀ!” ಎಂದಳು ಪದ್ಮ. “ಮುಂದ ಬರೀಬೇಕಾದ್ರ ಹಿಂದಿಂದು ಅಳಸ್ಬೇಕು. ಆವಾಗ ಹಾರಿದಂಗ ಕಾಣ್ತೈತಿ.”

ಅಳಿಸಿದೆ. ಹಕ್ಕಿ ಹಾರಿತು. ನಿಜ ಹೇಳುತ್ತೇನೆ, ಆ ‘ವಿ’ ಮೊದಲ ಸಲ ಹಸಿರು ಪರದೆಯ ಈ ತುದಿಯಿಂದ ಆ ತುದಿಗೆ ಹೋದಾಗ ನನ್ನ ತೋಳಿನ ಕೂದಲು ಎದ್ದು ನಿಂತವು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಲಾಪಿಯಲ್ಲಿ ಉಳಿಸಿರಲಿಲ್ಲ. “ಓಡ್ಸೂದಕ್ಕಿಂತ ಮೊದ್ಲ ಉಳಸು, ಅರ್ಥಾತಲ್ಲ?” ಎಂದು ಕತ್ತಲಲ್ಲಿ ದನಿ ಕೇಳಿಸಿತು. ಎಲ್ಲರೂ ನಕ್ಕು ನನ್ನ ಬೆನ್ನಿಗೆ ಗುದ್ದಿದರು. ಈ ಸಲ ಅದು ನಾನಲ್ಲ, ಖರೆ ಸರ್!

ಹಬ್ಬದ ಹಿಂದಿನ ದಿನ ಗೇಮು ತಯಾರಾಯಿತು. ಐದು ಹಕ್ಕಿ ಮೇಲಿನಿಂದ ಇಳಿಯುತ್ತವೆ. ಉದ್ದ ಕೀಲಿ ಒತ್ತಿದರೆ ಕಲ್ಲು ಹಾರುತ್ತದೆ. ಹಕ್ಕಿಗೆ ಬಿದ್ದರೆ ಹಕ್ಕಿ ಮಾಯ, ಹತ್ತು ಮಾರ್ಕ್ಸು. ಹಕ್ಕಿ ತೆನೆ ಮುಟ್ಟಿದರೆ ತೆನೆ ಮಾಯ. ಸದ್ದು ಒಂದೇ ಸರಿ ಬರಲಿಲ್ಲ, ಮಷೀನಿನ ಗಂಟಲಿಗೆ ‘ಕುಂಯ್’ ಬಿಟ್ಟರೆ ಬೇರೆ ಸ್ವರವಿಲ್ಲ. ಪರವಾಗಿಲ್ಲ, ಗಂಟಲು ನನ್ನದಿತ್ತಲ್ಲ. ಪರದೆಯ ಹಿಂದೆ ನಿಂತು ನಾನೇ ಕೂಗುವುದೆಂದು ನಿರ್ಧರಿಸಿದೆ.

ಖಂಡೆ ಪೂಜೆಯ ದಿನ ಮೂರೂ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ಭಕ್ತಿ ಹೆಚ್ಚಾಗಿ ಯಾರೋ ಎಂಟರ್ ಕೀಲಿಗೂ ಗಂಧ ಬಳಿದಿದ್ದರು. ಅಪ್ಪನಿಗೆ ಕೆಲಸವಿತ್ತು, ಅವ್ವನಿಗೆ ಮನೆಯಲ್ಲಿ ಹಬ್ಬದಡುಗೆ. ಹಾಗಾಗಿ ನನ್ನ ಕಡೆಯಿಂದ ಬಂದವಳು ಹಬ್ಬಕ್ಕೆಂದು ಮಸ್ಕಿಗೆ ಬಂದಿದ್ದ ದೊಡ್ಡವ್ವ. ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಚಪ್ಪಲಿ ಬಿಡಿ ಎಂದು ಸರ್ ಹೇಳುವ ಮೊದಲೇ ಬಿಟ್ಟು, ಕೈ ತೊಳೆದು, ಮಷೀನಿಗೆ ಕೈಮುಗಿದು ಒಳಗೆ ಬಂದಳು. ಸರ್ ಮುಖ ಅರಳಿತು. ಅಂಥ ಶಿಷ್ಯೆ ಅವರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

“ನಿಮ್ಮ ಹುಡುಗ ನಿಮ್ಮ ಕವಣಿ ಮ್ಯಾಲ ಆಟ ಬರದಾನ್ರಿ. ನೀವ ಮೊದ್ಲು ಆಡ್ರಿ,” ಎಂದು ಕುರ್ಚಿ ಕೊಟ್ಟರು.

ದೊಡ್ಡವ್ವ ಕೂತಳು. ಹಕ್ಕಿಗಳು ಇಳಿದವು. ನಾನು ಹಿಂದಿನಿಂದ “ಹೋ... ಹೋಹೋ...” ಎಂದೆ. ಪಾಲಕರೆಲ್ಲ ಬೆಚ್ಚಿ ನೋಡಿದರು. ದೊಡ್ಡವ್ವ ಕೀಲಿ ಒತ್ತಿದಳು. ಕಲ್ಲು ಹಕ್ಕಿಯ ಮೂಗಿನ ಮುಂದೆಯೇ ಹಾದುಹೋಯಿತು. ಹಕ್ಕಿ ತನ್ನ ಪಾಡಿಗೆ ಇಳಿದು ತೆನೆ ನುಂಗಿತು. ಇನ್ನೊಂದು ಕಲ್ಲು. ಅದೂ ಮೂಗಿನ ಮುಂದೆ. ಇನ್ನೊಂದು ತೆನೆ ಹೋಯಿತು. ಹೀಗೇ ಹನ್ನೆರಡು ಕಲ್ಲು ಹಾರಿದವು, ಹನ್ನೆರಡೂ ಒಂದೇ ಅಳತೆಯಲ್ಲಿ ತಪ್ಪಿದವು. ಸಜ್ಜೆಯ ಹೊಲ ಬೋಳಾಯಿತು. ಮಾರ್ಕ್ಸು ಸೊನ್ನೆ. ‘ಸೋತಿರಿ’ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಗುರುಗುಂಟಾ ಸೀಮೆಯಲ್ಲಿ ಕವಣೆಗೆ ಹೆಸರಾದವಳಿಗೆ ನನ್ನ ಗೇಮು ಸೊನ್ನೆ ಕೊಟ್ಟಿತ್ತು. ಸರ್ ನನ್ನ ಕಡೆ ನೋಡಿದರು. ಕುರ್ಚಿ ಹೋಯಿತು ಎಂದುಕೊಂಡೆ.

“ಸರ, ಈ ಹಕ್ಕಿಗೆ ಕಿವಿ ಇಲ್ಲೇನ್ರಿ?” ಎಂದಳು ದೊಡ್ಡವ್ವ.

“ದೊಡ್ಡವ್ವ, ಅದಕ್ಕ ತಾಗ್ಬೇಕು! ಹೊಡದು ಕೆಡವಿದ್ರ ಹತ್ತು ಮಾರ್ಕ್ಸ್!” ಎಂದೆ.

“ಯಾಕ ಕೆಡವ್ಲಿ?” ಅವಳು ನನ್ನ ಕಡೆ ತಿರುಗಿದಳು. “ಕವಣಿ ಬೀಸೂದು ಕೊಲ್ಲಾಕೇನಲೇ? ಹೊಡದ್ರ ಒಂದು ಬೀಳ್ತೈತಿ, ಉಳಿದ ನೂರು ತಿನ್ನಾಕತ್ತಿರ್ತಾವ. ಮಗ್ಗಲ್ದಾಗ ಕಲ್ಲು ಸುಂಯ್ ಅಂದ್ರ ಹಿಂಡಿಗೆ ಹಿಂಡ ಏಳ್ತೈತಿ. ಇಷ್ಟು ವರ್ಷದಾಗ ನಾ ಒಂದಕ್ಕೂ ತಾಗ್ಸಿಲ್ಲ. ತಾಗಿದ್ರ ಗುರಿ ತಪ್ಪಿತು ಅಂತ ತಿಳೀಬೇಕು. ಮಧ್ಯಾನ ಪೂರಾ ನನ್ನ ಮುಂದ ಕುಂತಿದ್ದೆಲ್ಲ, ಏನು ನೋಡ್ದಿ?”

“ನಿನ್ನ ಬಾಯಿ,” ಎಂದೆ. ಬೇರೆ ಏನು ಹೇಳಲಿ?

ನಗು ಎದ್ದಿತು. ಆ ನಗುವಿನ ನಡುವೆ ಪದ್ಮ ನನ್ನ ಅಂಗಿಯ ತೋಳು ಜಗ್ಗಿದಳು. “ಇನ್ನೂರು ಮತ್ತ ಇನ್ನೂರಾ ಹತ್ತರ ನಡಕ್ಕ ಜಾಗ ಐತಿ.” ಸರ್ ಕೊಬ್ಬರಿ ಸಕ್ಕರೆ ಹಂಚುವಷ್ಟರಲ್ಲಿ ಇಬ್ಬರೂ ಕೂತೆವು. ಕಲ್ಲೂ ಹಕ್ಕಿಯೂ ಒಂದೇ ಮನೆಯಲ್ಲಿ ಬಂದರೆ ಹಕ್ಕಿ ಸಾಯಲಿ ಎಂದಿದ್ದ ಸಾಲನ್ನು ಅಳಿಸಿದೆ. ಅಳಿಸುವುದನ್ನು ಅಷ್ಟರಲ್ಲಿ ಕಲಿತಿದ್ದೆನಲ್ಲ. ಇನ್ನೂರಾ ಐದನೆಯ ಸಾಲು ಹೊಸದಾಗಿ ಹುಟ್ಟಿತು: ಕಲ್ಲು ಐದು ಮನೆ ಹತ್ತಿರ ಬಂದರೆ ಸಾಕು, ಐದೂ ಹಕ್ಕಿ ಮೇಲೆ ತಿರುಗಲಿ. ಹಕ್ಕಿಗೆ ಮಾರ್ಕ್ಸು ಇಲ್ಲ, ಉಳಿದ ತೆನೆಗೆ ಮಾರ್ಕ್ಸು. ಗಂಧಕ್ಕೆ ಎಂಟರ್ ಕೀಲಿ ಅಂಟಿಕೊಂಡಿತ್ತು, ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಒತ್ತಿದೆವು. ಓಡಿಸುವ ಮೊದಲು ಉಳಿಸಿದೆವು, ನೋಡಿ, ಅದನ್ನೂ ಬರೆದುಕೊಳ್ಳಿ.

ದೊಡ್ಡವ್ವ ಮತ್ತೆ ಕೂತಳು. ಕೀಲಿ ಒತ್ತಿದಳು. ಕಲ್ಲು ಮೂಗಿನ ಮುಂದೆ ಹಾಯಿತು. ಐದೂ ‘ವಿ’ಗಳು ಒಮ್ಮೆಗೇ ಎದ್ದು ಮೇಲಕ್ಕೆ ಹೋದವು. ಈ ಸಲ ಕೂಗಿದ್ದು ನಾನಲ್ಲ, ದೊಡ್ಡವ್ವನೇ. ಕುರ್ಚಿಯಲ್ಲಿ ಕೂತಲ್ಲೇ, ಕೈ ತಲೆಯ ಮೇಲೆ ತಿರುಗಿಸಿ, ಹೊಲದ ದನಿಯಲ್ಲಿ! ಕೆಳಗಿನ ಗೊಬ್ಬರದಂಗಡಿಯವರು ಏನಾಯಿತೋ ಎಂದು ಓಡಿ ಮೇಲೆ ಬಂದರು. ಒಂದು ತೆನೆಯೂ ಹೋಗಲಿಲ್ಲ.

ಗದ್ದಲ ಅಡಗಿದ ಮೇಲೆ ಸರ್ ಕೈಕಟ್ಟಿ ನಿಂತರು. ನಗು ಮೀಸೆಯ ಕೆಳಗಿತ್ತು, ಹೊರಗೆ ಬಿಡಲಿಲ್ಲ. “ಕೂಗು ದೊಡ್ಡವ್ವಂದು. ಬುದ್ಧಿ ದೊಡ್ಡವ್ವಂದು. ಅಳಿಸೂದು ಪದ್ಮ ಹೇಳಿದ್ದು. ಸಾಲಿನ ನಡಕ್ಕ ಜಾಗ ಬಿಡೂದು ನಾ ಹೇಳಿದ್ದು. ಮತ್ತ ನಾ ಕೇಳಿದ್ದು ಹಂಗ ಉಳೀತಲ್ಲಪ್ಪ. ಇದ್ರಾಗ ನಿಂದೇನೈತಿ?”

ನಾನು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ಉತ್ತರ ಕೊಟ್ಟವಳು ದೊಡ್ಡವ್ವ. ಆಮೇಲೆ ಸರ್ ನನ್ನ ಕುರ್ಚಿಯನ್ನು ತಾವೇ ಎಳೆದು ನನ್ನ ಮುಂದೆ ಇಟ್ಟರು. ಆ ಉತ್ತರವನ್ನು ಹೇಳಬೇಕೆನ್ನುವಷ್ಟರಲ್ಲಿ, ತಡೆಯಿರಿ, ಮೇಲೆ ನನ್ನ ಕ್ಲಾಸಿನಿಂದ ಏನೋ ಕೇಳಿಸುತ್ತಿದೆ.

“ವಾಸನಿ ಅಂದ್ರ ವಾಸನಿ, ಅರ್ಥಾತಲ್ಲ? ಮೂಗು ಮಷೀನಿಗಿಲ್ಲ, ನಿಮಗೈತಿ, ಅರ್ಥಾತಲ್ಲ?”

ಮೆಟ್ಟಿಲಿಂದ ಎದ್ದು ಮೆಲ್ಲಗೆ ಹೋಗಿ ಬಾಗಿಲಲ್ಲಿ ನಿಂತೆ. ನನ್ನ ವಿದ್ಯಾರ್ಥಿನಿಯೊಬ್ಬಳು ಬೋರ್ಡಿನ ಮುಂದೆ ನಿಂತು ನನ್ನನ್ನು ಮಾಡಿ ತೋರಿಸುತ್ತಿದ್ದಾಳೆ. ಕುತ್ತಿಗೆ ವಾರೆ ಮಾಡುವುದು, ಚಾಕ್ ಕಿವಿಗೆ ಸಿಗಿಸುವುದು, ಎಲ್ಲ ಬರಾಬರಿ. ‘ಅರ್ಥಾತಲ್ಲ’ ಯಾವಾಗ ನನ್ನದಾಯಿತೋ ನನಗೇ ಗೊತ್ತಿಲ್ಲ. ಪಾಪ, ಅವಳು ಮಹಾಂತೇಶ ಸರ್ ಅವರನ್ನು ನೋಡಿಯೇ ಇಲ್ಲ. ನನ್ನನ್ನು ಕಂಡದ್ದೇ ಕ್ಲಾಸಿನವರು ಕೀಲಿಮಣೆಗೆ ಬಗ್ಗಿದರು. ಅವಳ ಕೈಯಿಂದ ಚಾಕ್ ಬಿತ್ತು.

“ನಿಂದು ಅಂತ ಏನರ ಐತೇನು?” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಥೇಟ್ ಸರ್ ದನಿಯಲ್ಲೇ. ನುಂಗಿಕೊಂಡೆ. ಚಾಕ್ ಎತ್ತಿ ಅವಳ ಕೈಗೆ ಕೊಟ್ಟು, “ಕುತ್ತಿಗಿ ಇನ್ನೊಂಚೂರು ವಾರಿ ಮಾಡು,” ಎಂದೆ. ಆಮೇಲೆ, ಅವತ್ತು ಖಂಡೆ ಪೂಜೆಯ ದಿನ ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತ ಸರ್‌ಗೆ ಹೇಳಿದ್ದನ್ನು ಅವರೆಲ್ಲರಿಗೂ ಅವಳದೇ ದನಿಯಲ್ಲಿ ಹೇಳಿದೆ:

“ಅಲ್ರೀ ಸರ, ನಮ್ಮ ಹೊಲದಾಗಿನ ಬೆದರುಗೊಂಬಿಗೆ ಅಂಗಿ ನಮ್ಮ ಮನಿಯವ್ರದು, ತಲಿ ಒಡಕ ಗಡಗೀದು, ಕೋಲು ಬೇವಿನ ಗಿಡದ್ದು. ‘ಇದ್ರಾಗ ನಿಂದೇನೈತಿ’ ಅಂತ ಇವತ್ತಿನತನಾ ಯಾವ ಹಕ್ಕೀನೂ ಅದನ್ನ ಕೇಳಿಲ್ಲ. ಎದ್ದು ಹಾರಿ ಹೋಗ್ತಾವ, ಅಷ್ಟ.”